ಹೊಲಿಗೆ ಮೇಜಿನ ಮೇಲಿನ ಪ್ರಿಂಟರ್

ಹಾಗಂತ ಕಿಟಕಿ ಅಕ್ಕ ಮನೆಯಿಂದ ಹೊರಗೆ ಕಾಲಿಡುವುದೇ ಇಲ್ಲ ಅಂತೇನೂ ತಿಳಿದುಕೊಳ್ಳಬೇಡಿ. ಕಸದ ಬುಟ್ಟಿ ಹಿಡಿದುಕೊಂಡು ಬೀದಿಯ ತಿರುವಿನ ತನಕ ಬರುತ್ತಾರೆ. ಅದೂ ಹಿಂದೆ ಹಿಂದೆ ನೋಡಿಕೊಂಡು, ಮನೆಯ ಬಾಗಿಲು ಕಣ್ಣಿಗೆ ಕಾಣುವಷ್ಟು ದೂರ ಮಾತ್ರ. ಅದರಾಚೆಯ ಊರೆಲ್ಲ ಅವರ ಪಾಲಿಗೆ ನಾವು ಹೋಗಿ ಹೇಳಿದ ಸುದ್ದಿಯಷ್ಟೇ. ಬಸ್ ಸ್ಟ್ಯಾಂಡಿನ ಹತ್ತಿರ ಮೇಲ್ಸೇತುವೆ ಆಗಿ, ಅದರ ಬಣ್ಣ ಉದುರಿ, ಮತ್ತೆ ಬಣ್ಣ ಬಳಿದದ್ದೂ ಆಯಿತು. ಅಕ್ಕ ಇವತ್ತಿಗೂ "ತುಂಬಾ ಎತ್ತರಾನಾ ಅದು?" ಅಂತ ಕೇಳುತ್ತಾರೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕಿಟಕಿ ಅಕ್ಕ ಅಂದರೆ ನಮ್ಮ ಬೀದಿಯಲ್ಲಿ ಪ್ರಿಂಟ್ ತೆಗೆದುಕೊಡುವವರು. ಅಂಗಡಿ ಇಲ್ಲ, ಬೋರ್ಡ್ ಇಲ್ಲ, ಒಂದು ಕಿಟಕಿ ಇದೆ. ಫೋನಿನಿಂದ ಅವರ ಫೋನಿಗೆ ಕಳಿಸಿದರೆ ಪ್ರಿಂಟ್ ಆಗಿ ಕಿಟಕಿಯಿಂದ ಹೊರಗೆ ಬರುತ್ತದೆ. ಹಾಳೆ ಮಡಿಕೆ ಬೀಳದೆ ದಾಟಲಿ ಅಂತ ಕಿಟಕಿಯ ಒಂದು ಸರಳನ್ನು ಸ್ವಲ್ಪ ಬಗ್ಗಿಸಿದ್ದಾರೆ. ಬಗ್ಗಿಸಿದ್ದು ಅವರ ತಮ್ಮ. ನಾವು ಆ ತಮ್ಮನನ್ನು ವ್ಯಾನಣ್ಣ ಅನ್ನುತ್ತೇವೆ, ಯಾಕೆಂದರೆ ಬೇಕರಿಯ ವ್ಯಾನ್ ಓಡಿಸುತ್ತಾರೆ. ಇನ್ನು ಆ ಮನೆಯಲ್ಲಿ ಇರುವವರು ಇವರಿಬ್ಬರ ಅಮ್ಮ. ಒಂದು ಕಾಲದಲ್ಲಿ ಈ ಬೀದಿಯ ಮಕ್ಕಳ ಸ್ಕೂಲ್ ಯೂನಿಫಾರ್ಮುಗಳನ್ನೆಲ್ಲ ಹೊಲಿದುಕೊಟ್ಟವರು. ಹಾಗಾಗಿ ಟೈಲರಮ್ಮ. ಮೂವರೇ ಜನ, ಮೂರೇ ಕೋಣೆ.

ಆ ಕೋಣೆಗಳ ವಿಷಯ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಗೋಳೆಲ್ಲ ಅಲ್ಲೇ ಇರುವುದು. ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು. ಮುಂದಿನ ಕೋಣೆಯಲ್ಲಿ ಕಿಟಕಿ, ಕಿಟಕಿಯ ಪಕ್ಕ ಹೊಲಿಗೆ ಮಿಷನ್ನಿನ ಮೇಜು, ಮೇಜಿಗೆ ಅಂಟಿಕೊಂಡ ಹಾಗೆ ಟೈಲರಮ್ಮನ ಮಂಚ. ನಡುವಿನ ಕೋಣೆಯಲ್ಲಿ ವ್ಯಾನಣ್ಣನ ಹಾಸಿಗೆ. ಹಿಂದೆ ಅಡುಗೆಮನೆ, ಬಚ್ಚಲು. ಮುಂದಿನ ಕೋಣೆಗೂ ನಡುವಿನ ಕೋಣೆಗೂ ಮಧ್ಯೆ ಬಾಗಿಲಿಲ್ಲ, ಒಂದು ಪರದೆ. ಅಡುಗೆಮನೆಗೆ ಹೋಗಬೇಕಾದರೆ ವ್ಯಾನಣ್ಣನ ಕಾಲು ದಾಟಿಯೇ ಹೋಗಬೇಕು.

ಈಗ ನೋಡಿ. ಊರೆಲ್ಲ ಮಲಗಿದ ಮೇಲೆ ವ್ಯಾನಣ್ಣನ ಕೆಲಸ ಶುರು. ವ್ಯಾನಿನ ತುಂಬ ಬ್ರೆಡ್ಡು ಬನ್ನು ಹೇರಿಕೊಂಡು ಅಂಗಡಿ ಅಂಗಡಿಗೆ ಇಳಿಸಿ, ನಾವು ಹಲ್ಲುಜ್ಜುವ ಹೊತ್ತಿಗೆ ಮನೆಗೆ ಬಂದು ಮಲಗುತ್ತಾರೆ. ನಾವು ಪ್ರಿಂಟ್ ಬೇಕು ಅಂತ ಓಡಿ ಬರುವ ಹೊತ್ತೆಲ್ಲ ಅವರು ನಿದ್ದೆ ಮಾಡುವ ಹೊತ್ತು. ಟೈಲರಮ್ಮನಿಗೆ ಕಾಲಿನಲ್ಲಿ ಬಲ ಇಲ್ಲ, ನೆನಪೂ ಒಂದು ಹೊತ್ತಿದ್ದ ಹಾಗೆ ಇನ್ನೊಂದು ಹೊತ್ತಿಲ್ಲ. ಒಮ್ಮೆ ಅಕ್ಕ ಹಾಲಿಗೆ ಅಂತ ಹೋಗಿ ಬರುವಷ್ಟರಲ್ಲಿ ಆಕೆ ತಾವಾಗಿಯೇ ಎದ್ದು ಹೋಗಿ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಅವತ್ತಿನಿಂದ ಅಕ್ಕ ಮನೆ ಬಿಟ್ಟು ಹೋಗಿಲ್ಲ.

"ಅಮ್ಮಂಗೆ ಎದ್ದೇಳಕ್ಕೇ ಆಗ್ದಿದ್ರೆ ನಾನು ಎಲ್ಲಾದ್ರೂ ಹೋಗ್ಬಹುದಿತ್ತು" ಅಂದಿದ್ದರು ಒಂದು ಸಲ ಅಕ್ಕ, ಹಾಳೆಗೆ ಪಿನ್ನು ಹೊಡೆಯುತ್ತಾ. "ಎದ್ದೇಳ್ತಾಳೆ. ನಿಂತ್ಕೊಳ್ತಾಳೆ. ಆಮೇಲೆ ಮುಂದೆ ಏನು ಅಂತ ಮರೆತುಹೋಗುತ್ತೆ." ಅಂದವರೇ "ಬಣ್ಣದ್ದಾ, ಕಪ್ಪು ಬಿಳುಪಾ?" ಅಂತ ಕೇಳಿದರು.

ಅದಕ್ಕೇ ಕಿಟಕಿಗೆ ಅದರದ್ದೇ ಕಾನೂನು. ಬೆಲ್ ಒತ್ತಬಾರದು. ಅಕ್ಕಾ ಅಂತ ಕೂಗಬಾರದು. ಬೆರಳ ಗಿಣ್ಣಿನಿಂದ ಸರಳನ್ನು ಮೆಲ್ಲಗೆ ತಟ್ಟಬೇಕು. ಮಾತೆಲ್ಲ ಪಿಸುಪಿಸು. ಮೊದಲ ಸಲ ಬಂದವರು ಯಾರಿಗೋ ಹುಷಾರಿಲ್ಲವೇನೋ ಅಂತ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಟ್ಯೂಷನ್ ಹೇಳುವ ಮೇಷ್ಟ್ರು ಒಬ್ಬರಿದ್ದಾರೆ, ಅವರ ಪಿಸುಮಾತು ಬೇರೆಯವರ ಜಗಳಕ್ಕಿಂತ ಜೋರು. ಅಕ್ಕ ಅವರಿಗೆ ಒಂದು ಸ್ಲೇಟು ಇಟ್ಟಿದ್ದಾರೆ.

"ಮೇಷ್ಟ್ರೇ, ಬರೆದು ತೋರಿಸಿ. ನೀವು ಬಾಯಿ ಬಿಟ್ರೆ ನನ್ ತಮ್ಮ ಎದ್ದು ಪಾಠ ಒಪ್ಪಿಸ್ತಾನೆ."

ಮೇಷ್ಟ್ರು ಸ್ಲೇಟಿನ ಮೇಲೆ "ಆಗಲಿ" ಅಂತ ಬರೆದು ತೋರಿಸಿದರು.

ಹೀಗೆ ನಡೆಯುತ್ತಿತ್ತು. ಇಂಥ ಮನೆಯಲ್ಲಿ ಪ್ರಿಂಟರ್ ಕೆಟ್ಟಿತು. ನಿಂತುಹೋಗಿದ್ದರೆ ಬೇರೆ ಮಾತು. ಪ್ರಿಂಟು ಚೆನ್ನಾಗಿಯೇ ಕೊಡುತ್ತಿತ್ತು, ಆದರೆ ಗಲಾಟೆ ಶುರು ಮಾಡಿತು.

ಪ್ರಿಂಟರ್ ಇರುವುದು ಟೈಲರಮ್ಮನ ಹೊಲಿಗೆ ಮೇಜಿನ ಮೇಲೆಯೇ. ಮಿಷನ್ನಿನ ತಲೆಯನ್ನು ಮಡಚಿ ಮೇಜಿನ ಹೊಟ್ಟೆಗೆ ಇಳಿಸಿ, ಮೇಲೆ ಹಲಗೆ ಮುಚ್ಚಿ, ಅದರ ಮೇಲೆ ಪ್ರಿಂಟರ್ ಕೂರಿಸಿದ್ದಾರೆ. ಕೆಳಗಿನ ಪೆಡಲು ಹಾಗೇ ಇದೆ. ಪ್ರಿಂಟ್ ಬರುವಾಗ ಅಕ್ಕನ ಪಾದ ತಾನಾಗಿಯೇ ಅದನ್ನು ತುಳಿಯುತ್ತಿರುತ್ತದೆ, ಬೆಲ್ಟು ಬಿಚ್ಚಿರುವುದರಿಂದ ಸದ್ದಿಲ್ಲ. ಆ ಮೂಲೆಯಲ್ಲಿ ಮೊದಲಿನಿಂದಲೂ ಮಿಷನ್ ಎಣ್ಣೆಯ ವಾಸನೆ. ಅದು ಆ ಮನೆಯದ್ದೇ ವಾಸನೆ, ಯಾರ ಮೂಗಿಗೂ ಬೇರೆಯಾಗಿ ಗೊತ್ತಾಗುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ಮೊದಲು ಕಿರ್ ಅಂತ ಶುರುವಾಯಿತು. ಆಮೇಲೆ ಕಟಕಟ. ಆಮೇಲೆ ಒಳಗೆ ಓಡಾಡುವ ಭಾಗ ಹೋಗಿ ಪಕ್ಕದ ಗೋಡೆಗೆ ಧಡ್ ಅಂತ ಗುದ್ದತೊಡಗಿತು. ಒಂದು ಹಾಳೆ ಹೊರಬರುವಷ್ಟರಲ್ಲಿ ಒಳಗೆ ಯಾರೋ ಪಾತ್ರೆ ಎಸೆದು ಜಗಳ ಆಡಿ ರಾಜಿಯಾದ ಹಾಗೆ. ಪರದೆಯ ಹಿಂದಿನಿಂದ ನಿದ್ದೆಗಣ್ಣಿನ ದನಿ ಬರುತ್ತಿತ್ತು.

"ಅಕ್ಕಾ... ಅದನ್ನ ನಿಲ್ಸೇ."

"ಆಯ್ತು ಕಣೋ, ಇದೊಂದು ಹಾಳೆ."

ಅಕ್ಕ ಮಾಡದ ಉಪಾಯವಿಲ್ಲ. ಕೆಳಗೆ ಟವೆಲ್ ಮಡಚಿ ಇಟ್ಟರು. ಮೇಲೆ ಕಂಬಳಿ ಹೊದೆಸಿದರು. ಹಾಳೆ ಹೊರಬರುವ ಕಡೆ ಮಾತ್ರ ಬಿಟ್ಟು, ಚಳಿ ಹತ್ತಿದ ಮುದುಕಿಯ ಹಾಗೆ ಕಾಣುತ್ತಿತ್ತು ಪ್ರಿಂಟರ್. ಕೊನೆಗೆ ಪಕ್ಕದ ಮನೆಯವರು ನೀರಿನ ಮೋಟಾರ್ ಹಾಕುವ ಹೊತ್ತಿಗೆ ಕಾಯತೊಡಗಿದರು. ಆ ಮೋಟಾರಿನ ಗುಂಯ್ ಎನ್ನುವ ಸದ್ದು ವ್ಯಾನಣ್ಣನಿಗೆ ಅಭ್ಯಾಸವಾಗಿಬಿಟ್ಟಿದೆ, ಅದರಲ್ಲಿ ಇದು ಸ್ವಲ್ಪ ಮುಳುಗಿಹೋಗುತ್ತದೆ. ನಾವೆಲ್ಲ ಕಿಟಕಿಯ ಕೆಳಗೆ ಸಾಲಾಗಿ ನಿಂತು ಪಕ್ಕದ ಮನೆಯ ಟ್ಯಾಂಕ್ ಯಾವಾಗ ಖಾಲಿಯಾಗುತ್ತೋ ಅಂತ ಕಾಯುತ್ತಿದ್ದೆವು. ಪಕ್ಕದ ಮನೆಯ ಆಂಟಿಗೆ ಇದು ಗೊತ್ತಾಗಿ, ಬಾಗಿಲಲ್ಲಿ ನಿಂತು "ಇವತ್ತು ಬಟ್ಟೆ ಒಗೆಯಲ್ಲ, ನಾಳೆ ಬನ್ನಿ" ಅಂತ ಕೈಸನ್ನೆ ಮಾಡುತ್ತಿದ್ದರು.

ನಗು ಬರುತ್ತಿತ್ತು ನಮಗೆ. ಅಕ್ಕನಿಗೆ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ವ್ಯಾನಣ್ಣ ತಡವಾಗಿ ಬಂದರು. ಕಣ್ಣು ಕೆಂಪಗೆ. ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲಿ ಕೂತುಬಿಟ್ಟರು. ವ್ಯಾನು ಹಿಂದಕ್ಕೆ ತೆಗೆಯುವಾಗ ಕಣ್ಣು ಮುಚ್ಚಿಹೋಗಿ ಬೇಕರಿಯ ಗೇಟಿಗೆ ಗುದ್ದಿದ್ದರು. ಗೇಟು ಹೋದರೆ ಹೋಗಲಿ, ಆ ಗೇಟಿನ ಹಿಂದೆ ಒಬ್ಬ ಕೆಲಸದವನು ಟ್ರೇ ತೊಳೆಯುತ್ತಿದ್ದ, ಅರೆಕ್ಷಣ ಮೊದಲಷ್ಟೇ ಎದ್ದು ಆಚೆ ಹೋಗಿದ್ದ. ಇದನ್ನೆಲ್ಲ ಅಕ್ಕ ಆಮೇಲೆ ತುಂಡು ತುಂಡಾಗಿ ಹೇಳಿದ್ದು, ಒಂದು ಪ್ರಿಂಟಿಗೂ ಇನ್ನೊಂದು ಪ್ರಿಂಟಿಗೂ ಮಧ್ಯೆ.

"ಇನ್ನೊಂದ್ ಸಲ ಹೀಗಾದ್ರೆ ಕೆಲಸ ಇಲ್ಲ ಅಂದ್ರು ಓನರ್ರು. ಅದಲ್ಲಕ್ಕ. ಆ ಹುಡುಗ ಅಲ್ಲೇ ಇದ್ದಿದ್ರೆ?"

ಅಕ್ಕ ಒಳಗೆ ಹೋಗಿ ನೀರು ತಂದುಕೊಟ್ಟರು.

"ನಂಗೆ ಹಗಲು ನಿದ್ದೆ ಬೇಕು" ಅಂದರು ವ್ಯಾನಣ್ಣ. "ನಾನು ಬೇರೇನೂ ಕೇಳ್ತಿಲ್ಲ. ಭಾನುವಾರ ನಂಗೆ ರಜಾ. ಅವತ್ತು ಬೆಳಿಗ್ಗೆ ಅಮ್ಮನ ಹತ್ರ ನಾನ್ ಕೂತಿರ್ತೀನಿ. ನೀನು ಇದನ್ನ ಎತ್ಕೊಂಡು ಹೋಗಿ ರಿಪೇರಿಗೆ ಕೊಡು. ಸುಮ್ಮನಾದ್ರೆ ತಗೊಂಬಾ. ಆಗಲ್ಲ ಅಂದ್ರೆ ಅಲ್ಲೇ ಬಿಟ್ಬಿಡು, ಮನೆಗೆ ತರ್ಬೇಡ."

"ತರ್ದೇ ಇದ್ರೆ ನಾನೇನ್ ಮಾಡ್ಲೋ ಇಡೀ ದಿನ?"

ವ್ಯಾನಣ್ಣ ಈಗ ಚಪ್ಪಲಿ ಬಿಟ್ಟರು. "ಗೊತ್ತಿಲ್ಲಕ್ಕ" ಅಂತ ಹೇಳಿ ಒಳಗೆ ಹೋಗಿ ಮಲಗಿದರು.

ಅಕ್ಕನಿಗೆ ಪ್ರಿಂಟರ್ ಅಂದರೆ ಬರೀ ಪ್ರಿಂಟರ್ ಅಲ್ಲ ನೋಡಿ. ಅದು ಇದ್ದರೆ ಕಿಟಕಿ. ಕಿಟಕಿ ಇದ್ದರೆ ನಾವು. ಯಾರದ್ದೋ ಕೆಲಸದ ಅರ್ಜಿ, ಯಾರದ್ದೋ ಮಗುವಿನ ಪ್ರಾಜೆಕ್ಟು, ಯಾರದ್ದೋ ಮದುವೆಗೆ ಒಪ್ಪಿದ ಹುಡುಗನ ಫೋಟೋ. ಊರಿನ ಕಥೆಯೆಲ್ಲ ಆ ಬಗ್ಗಿದ ಸರಳಿನ ಸಂದಿಯಿಂದಲೇ ಒಳಗೆ ಹೋಗುವುದು. ಅದು ಮುಚ್ಚಿದರೆ ಉಳಿಯುವುದು ಮಂಚ, ಪರದೆ, ಅಡುಗೆಮನೆ. ಸದ್ದು ಮಾಡದೆ ಮಂಚದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮಂಚಕ್ಕೆ.

ಅಂಗಡಿಗೆ ಹೋಗುವ ಮೊದಲು ತಾವೇ ಒಂದು ಕೈ ನೋಡಿಬಿಡೋಣ ಅಂತ ಅಕ್ಕ ರಿಪೇರಿಯವರಿಗೆ ಫೋನ್ ಮಾಡಿದರು. ಆ ಸಂಭಾಷಣೆಯ ಹೊತ್ತಿಗೆ ನಾವು ಕೆಲವರು ಕಿಟಕಿಯಲ್ಲೇ ಇದ್ದೆವು.

"ಹಲೋ" ಅಂತ ಪಿಸುಗುಟ್ಟಿದರು ಅಕ್ಕ.

"ಜೋರಾಗಿ ಮಾತಾಡಿ ಮೇಡಂ, ಕೇಳಿಸ್ತಿಲ್ಲ."

"ಜೋರಾಗಿ ಆಗಲ್ಲ."

"ಗಂಟಲು ಸರಿ ಇಲ್ವಾ?"

"ಪ್ರಿಂಟರ್ ಸರಿ ಇಲ್ಲ."

ರಿಪೇರಿಯವರು ಒಳ್ಳೆಯವರು, ನಕ್ಕರೂ ಫೋನ್ ಇಡಲಿಲ್ಲ. ಸದ್ದು ಹೇಗೆ ಬರುತ್ತೆ, ಫೋನು ಹತ್ತಿರ ಹಿಡಿಯಿರಿ ಅಂದರು. ಅದಕ್ಕೆ ಪ್ರಿಂಟ್ ಕೊಡಬೇಕಲ್ಲ. ಅಕ್ಕ ಪಕ್ಕದ ಮನೆಯ ಆಂಟಿಗೆ ಕೈ ತೋರಿಸಿದರು, ಆಂಟಿ ಒಳಗೆ ಓಡಿ ಮೋಟಾರ್ ಹಾಕಿದರು. ಗುಂಯ್. ಪ್ರಿಂಟರ್ ಕಂಬಳಿಯೊಳಗೆ ಧಡ್ ಧಡ್.

"ಮೇಡಂ, ಅದು ಪ್ರಿಂಟರ್ರಾ, ಹಿಟ್ಟಿನ ಗಿರಣಿಯಾ?"

"ಮೋಟಾರ್ ಬಿಟ್ಟು ಉಳಿದಿದ್ದು ಕೇಳಿಸ್ಕೊಳ್ಳಿ."

ಅವರು ಕೇಳಿಸಿಕೊಂಡು ಹೇಳಿದರು. ಒಳಗೆ ಬಣ್ಣದ ಡಬ್ಬಿಗಳನ್ನು ಹೊತ್ತುಕೊಂಡು ಆಚೆ ಈಚೆ ಓಡಾಡುವ ಗಾಡಿ ಇರುತ್ತದಲ್ಲ, ಅದರ ಹಿಂದೆ ಅಡ್ಡಲಾಗಿ ಒಂದು ತೆಳ್ಳನೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿರುತ್ತಾರೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು. ಗಾಡಿ ಆ ಗೆರೆ ನೋಡಿಕೊಂಡೇ ತಾನೆಲ್ಲಿದ್ದೇನೆ ಅಂತ ತಿಳಿದುಕೊಳ್ಳುವುದು. ಪಟ್ಟಿಗೆ ಕೊಳೆ ಹತ್ತಿದರೆ ಅದಕ್ಕೆ ಜಾಗ ಗೊತ್ತಾಗುವುದಿಲ್ಲ, ಹೋಗಿ ಗೋಡೆಗೆ ಗುದ್ದುತ್ತದೆ.

"ಕರೆಂಟ್ ತೆಗೆದು, ಒದ್ದೆ ಬಟ್ಟೆಲಿ ಮೆತ್ತಗೆ ಒರೆಸಿ. ಎಳೀಬೇಡಿ, ಕಿತ್ಕೊಂಡು ಬಂದ್ರೆ ಕಥೆ ಮುಗೀತು."

ಅಕ್ಕ ಮಗುವಿನ ಮೂಗು ಒರೆಸುವ ಹಾಗೆ ಒರೆಸಿದರು. ಬಟ್ಟೆಗೆ ಬೂದು ಹಳದಿ ಜಿಡ್ಡು ಹತ್ತಿತು. ಶಾಯಿ ಇರಬೇಕು ಅಂದುಕೊಂಡರು. ಪ್ರಿಂಟ್ ಕೊಟ್ಟರೆ, ಸುಯ್ ಅಂತ ಹಾಳೆ ಹೊರಗೆ ಬಂತು. ಅಷ್ಟೇ. ಅಕ್ಕ ಆ ಹಾಳೆಯನ್ನು ಎದೆಗೆ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತೇ ಇದ್ದರು. ನಾವು ಹೊರಗೆ ಸದ್ದಿಲ್ಲದೆ ಚಪ್ಪಾಳೆ ತಟ್ಟಿದೆವು.

ಮರುದಿನ ಮತ್ತೆ ಧಡ್.

ಮತ್ತೆ ಒರೆಸಿದರು. ಸುಮ್ಮನಾಯಿತು. ಅಡುಗೆ ಮುಗಿಸಿ ಬಂದು ಹಚ್ಚಿದರೆ ಮತ್ತೆ ಧಡ್. ಜೊತೆಗೆ ಈಗ ಹಾಳೆಯೂ ಜಾರುತ್ತಿತ್ತು, ಅಕ್ಷರಗಳು ಇಳಿಜಾರಿನಲ್ಲಿ ನಿಂತ ಹಾಗೆ. ಇನ್ನೊಂದು ವಿಚಿತ್ರ. ಹಾಳೆ ಹೊರಬರುವ ಬಾಯಲ್ಲಿ ಒಮ್ಮೊಮ್ಮೆ ಒಂದು ಬಟ್ಟೆಯ ಚೂರು ಸಿಕ್ಕಿಕೊಂಡಿರುತ್ತಿತ್ತು, ನೀಟಾಗಿ ಮಡಚಿದ್ದು, ಹಳೇ ಯೂನಿಫಾರ್ಮಿನ ಬಟ್ಟೆ. ಟೈಲರಮ್ಮನ ಮಂಚದ ಮೇಲೆ ಅಂಥ ಚೂರುಗಳ ಚೀಲವೇ ಇದೆ, ಕೈಗೆ ಆಟಕ್ಕೆ ಅಂತ ಇಟ್ಟುಕೊಂಡಿರುತ್ತಾರೆ. ಅಮ್ಮ ಮರೆತು ಇಟ್ಟಿರಬೇಕು ಅಂತ ಅಕ್ಕ ತೆಗೆದು ಚೀಲಕ್ಕೆ ಹಾಕುತ್ತಿದ್ದರು.

ರಿಪೇರಿಯವರಿಗೆ ಮತ್ತೆ ಫೋನ್ ಹೋಯಿತು. ಅವರೂ ಕೈಚೆಲ್ಲಿದರು. "ವಯಸ್ಸಾಗಿರ್ಬೇಕು ಮೇಡಂ. ತಗೊಂಬನ್ನಿ, ನೋಡೋಣ. ಭಾನುವಾರ ಊಟದ ಹೊತ್ತಿನವರೆಗೂ ಅಂಗಡಿ ತೆಗೆದಿರುತ್ತೆ. ಆಸೆ ಮಾತ್ರ ಇಟ್ಕೋಬೇಡಿ."

ಭಾನುವಾರ ಬಂತು. ಅಕ್ಕ ಬೆಳಿಗ್ಗೆಯೇ ಹೊರಗೆ ಹೋಗುವ ಬಟ್ಟೆ ಹಾಕಿಕೊಂಡಿದ್ದರು. ಪೆಟ್ಟಿಗೆಯಿಂದ ತೆಗೆದದ್ದು, ಮಡಿಕೆಯ ಗೆರೆ ಹಾಗೇ ಇತ್ತು. ಚಪ್ಪಲಿ ಒಣಗಿ ಸೆಟೆದುಕೊಂಡಿತ್ತು, ಅದಕ್ಕೆ ನೀರು ಸವರಿ ಮೆತ್ತಗೆ ಮಾಡಿದರು. ಒಂದು ಕಡೆ ಪ್ರಿಂಟರ್ ವಾಪಸ್ ಬರುತ್ತೋ ಇಲ್ಲವೋ ಅಂತ ಚಿಂತೆ. ಇನ್ನೊಂದು ಕಡೆ, ಇದನ್ನು ನನಗೆ ಹೇಳುವಾಗ ಅಕ್ಕನಿಗೆ ನಾಚಿಕೆಯಾಗುತ್ತಿತ್ತು, ಬೀದಿಯ ತಿರುವು ದಾಟಿ ಹೋಗುತ್ತೇನಲ್ಲ ಅನ್ನುವ ಸಡಗರ. ದಾರಿಯಲ್ಲಿ ಆ ಮೇಲ್ಸೇತುವೆ ಸಿಗುತ್ತದೆ ಅಂತ ಲೆಕ್ಕ ಹಾಕಿದ್ದರಂತೆ.

ಪ್ರಿಂಟರನ್ನು ಹಳೇ ಬೆಡ್‌ಶೀಟಿನಲ್ಲಿ ಇಟ್ಟು ಗಂಟು ಕಟ್ಟಿದರು. ವ್ಯಾನಣ್ಣ ಆಕಳಿಸುತ್ತಾ ಬಂದು ಅಮ್ಮನ ಮಂಚದ ಕಾಲ ಬಳಿ ಕೂತರು. ಟೈಲರಮ್ಮ ದಿಂಬಿಗೆ ಒರಗಿ ಎಲ್ಲ ನೋಡುತ್ತಿದ್ದರು.

"ಅದನ್ನ ಎಲ್ಲಿಗೆ ಒಯ್ತಿದ್ದೀಯೇ?"

"ರಿಪೇರಿಗಮ್ಮ. ಸದ್ದು ಮಾಡುತ್ತಲ್ಲ."

"ಮಾಡ್ದೆ ಇನ್ನೇನ್ ಮಾಡುತ್ತೆ? ನೀನು ಒಂದು ದಿನ ಆದ್ರೂ ಎಣ್ಣೆ ಹಾಕಿದ್ದೀಯಾ ಅದಕ್ಕೆ?"

"ಇದಕ್ಕೆಲ್ಲ ಎಣ್ಣೆ ಹಾಕಲ್ಲಮ್ಮ."

"ಹಾಕಲ್ವಂತೆ." ಟೈಲರಮ್ಮ ಮೂಗು ಮುರಿದರು. "ಮಿಷನ್ನಿಟ್ಟುಕೊಂಡ ಮನೇಲಿ ಹುಟ್ಟಿ ಆಡೋ ಮಾತಾ ಇದು? ನಾನು ಹಾಕ್ತಿರೋದಕ್ಕೆ ಇಷ್ಟಾದ್ರೂ ಓಡ್ತಿದೆ."

ಅಕ್ಕನ ಕೈ ಗಂಟಿನ ಮೇಲೆಯೇ ನಿಂತಿತು. "ನೀನು ಹಾಕ್ತಿದ್ದೀಯಾ?"

"ನೀನು ಒಳಗೆ ಅಡುಗೆ ಮಾಡ್ವಾಗ. ದಿನಾ. ಹಾಕಿ, ಬಾಯಿಗೆ ಬಟ್ಟೆ ಇಟ್ಟಿರ್ತೀನಿ, ನೀನು ಕಿತ್ತು ಕಿತ್ತು ಹಾಕ್ತೀಯ."

ಹೊಲಿಯುವವರ ಮನೆಯವರಾಗಿದ್ದರೆ ನಿಮಗೆ ಇಷ್ಟರಲ್ಲೇ ಗೊತ್ತಾಗಿರುತ್ತಿತ್ತು. ಮಿಷನ್ನಿಗೆ ಎಣ್ಣೆ ಬಿಟ್ಟಮೇಲೆ ಸೂಜಿಯ ಕೆಳಗೆ ಒಂದು ಬಟ್ಟೆ ಚೂರು ಇಟ್ಟಿರುತ್ತಾರೆ. ಹೆಚ್ಚಾದ ಎಣ್ಣೆ ಅದಕ್ಕೆ ಇಳಿಯಲಿ, ಹೊಸ ಬಟ್ಟೆಗೆ ಕಲೆಯಾಗದಿರಲಿ ಅಂತ. ಟೈಲರಮ್ಮ ಜೀವಮಾನವಿಡೀ ಮಾಡಿದ್ದು ಅದನ್ನೇ. ಮೇಜಿನ ಖಾನೆಯಲ್ಲಿ ಉದ್ದ ಮೂಗಿನ ಪುಟ್ಟ ಎಣ್ಣೆ ಡಬ್ಬಿ ಮೊದಲಿನಿಂದಲೂ ಇದೆ, ಮಂಚದಿಂದ ಕೈ ಚಾಚಿದರೆ ಸಿಗುತ್ತದೆ. ಪ್ರಿಂಟರಿನ ಮುಚ್ಚಳ ಎತ್ತಿ, ಎಲ್ಲಿ ಏನು ಓಡಾಡುತ್ತದೆಯೋ ಅಲ್ಲೆಲ್ಲ ಒಂದೊಂದು ಹನಿ. ಕೈ ನಡುಗುತ್ತದಲ್ಲ, ಒಂದು ಹನಿಯ ಜಾಗದಲ್ಲಿ ಹತ್ತಾರು. ಅಕ್ಕ ಒರೆಸಿದಷ್ಟೂ ಆಕೆ ಹಾಕುತ್ತಿದ್ದರು. ಸದ್ದು ಹೆಚ್ಚಾದಷ್ಟೂ ಇನ್ನಷ್ಟು ಹಾಕುತ್ತಿದ್ದರು. ಆ ಮನೆಯಲ್ಲಿ ಎಲ್ಲರಿಗೂ ಸದ್ದು ಮಾಡದೆ ಕೆಲಸ ಮಾಡುವುದು ಅಭ್ಯಾಸ, ಎಣ್ಣೆಯ ವಾಸನೆಯೂ ಆ ಮನೆಯದ್ದೇ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

"ಅಮ್ಮಾ" ಅಂದರು ವ್ಯಾನಣ್ಣ. "ಹಾಗಾದ್ರೆ ನನ್ ನಿದ್ದೆ ಕೆಡಿಸಿದ್ದು ನೀನಾ?"

"ನಿನ್ ನಿದ್ದೆ ಕೆಡ್ಬಾರ್ದು ಅಂತಾನೇ ಹಾಕಿದ್ದು ಕಣೋ, ದಡ್ಡ."

ವ್ಯಾನಣ್ಣ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕರು. ಅವತ್ತು ಯಾರೂ ಮಲಗಿರಲಿಲ್ಲ, ಜೋರಾಗಿಯೇ ನಗಬಹುದಿತ್ತು. ಆದರೂ ಟವೆಲ್ ಒತ್ತಿಕೊಂಡೇ ನಕ್ಕರು.

ಅಕ್ಕ ನಗಲಿಲ್ಲ. ಗಂಟು ಬಿಚ್ಚಿದರು. ಪ್ರಿಂಟರನ್ನು ಓರೆ ಮಾಡಿದಾಗ ಬೆಡ್‌ಶೀಟಿಗೆ ಎಣ್ಣೆ ಇಳಿದು ಹರಡಿತು. ರಿಪೇರಿಯವರಿಗೆ ಫೋನ್ ಮಾಡಿ, ಈ ಸಲ ನೆಟ್ಟಗೆ ದೊಡ್ಡ ದನಿಯಲ್ಲೇ ವಿಷಯ ಹೇಳಿದರು. ಅವರು, ನೀರಿಗೆ ಪಾತ್ರೆ ತೊಳೆಯುವ ಸೋಪು ಒಂದು ಹನಿ ಹಾಕಿ ಪಟ್ಟಿ ಒರೆಸಿ, ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ಹಾಳೆ ಎಳೆಯುವ ರಬ್ಬರ್ ಉರುಳೆಯನ್ನೂ ಹಾಗೇ ಮಾಡಿ, ಚೆನ್ನಾಗಿ ಒಣಗಲಿ, ಅಂಗಡಿಗೆ ತರುವ ಅಗತ್ಯ ಇಲ್ಲ ಅಂದರು.

ಅಂಗಡಿಗೆ ತರುವ ಅಗತ್ಯ ಇಲ್ಲ. ಅಕ್ಕ ಅದನ್ನೇ ಒಂದೆರಡು ಸಲ ತಮಗೆ ತಾವೇ ಹೇಳಿಕೊಂಡರು. ಇಡೀ ಬೆಳಗು ಕೂತು, ಹೊರಗೆ ಹೋಗುವ ಬಟ್ಟೆಯಲ್ಲೇ, ತೋಳು ಮಡಚಿ ಒರೆಸಿದರು. ಒಣಗಿಸಿದರು. ಹಚ್ಚಿದರು. ಸುಯ್ ಅಂತ ಹಾಳೆ ಬಂತು, ಅಕ್ಷರ ನೆಟ್ಟಗೆ.

"ಇಟ್ಕೋ" ಅಂದರು ವ್ಯಾನಣ್ಣ. "ಆದ್ರೆ ನಾಳೆ ಅಮ್ಮ ಮತ್ತೆ ಹಾಕಿದ್ರೆ?"

ಅಕ್ಕ ಎಣ್ಣೆ ಡಬ್ಬಿ ತೆಗೆದು ಅಡುಗೆಮನೆಗೆ ಒಯ್ಯಲು ಹೋದರು. ಟೈಲರಮ್ಮ ಕೈ ಹಿಡಿದರು. ಆ ನಡುಗುವ ಕೈಯಲ್ಲಿ ಅಷ್ಟು ಬಲ ಇತ್ತು ಅಂತ ಅಕ್ಕನಿಗೆ ಗೊತ್ತಿರಲಿಲ್ಲವಂತೆ.

"ಇದನ್ನೂ ಕಿತ್ಕೋ. ಇನ್ನೇನಿದೆ ನಂಗೆ ಮಾಡಕ್ಕೆ? ಇಡೀ ದಿನ ಸೂರು ನೋಡ್ತಾ ಬಿದ್ದಿರ್ತೀನಿ. ನೀನು ಮಾತಾಡೋದೂ ಪಿಸುಪಿಸು, ಅರ್ಧ ಕೇಳ್ಸಲ್ಲ."

ಡಬ್ಬಿ ಖಾನೆಯಲ್ಲೇ ಉಳಿಯಿತು.

ಅಕ್ಕ ಬಾಗಿಲಲ್ಲಿ ಕೂತು ಚಪ್ಪಲಿಯನ್ನು ಮತ್ತೆ ಎತ್ತಿಡುತ್ತಿದ್ದರು. ವ್ಯಾನಣ್ಣ ನೋಡಿದರು.

"ಯಾಕೆ ಎತ್ತಿಡ್ತೀಯಾ? ನಾನ್ ಎದ್ದಾಯ್ತಲ್ಲ. ಹೋಗ್ಬಾ."

"ಎಲ್ಲಿಗೋ?"

"ಎಲ್ಲಿಗಾದ್ರೂ."

"ಎಲ್ಲಿಗಾದ್ರೂ ಅಂದ್ರೆ ಎಲ್ಲಿಗೆ?"

"ಅಕ್ಕ, ಅದನ್ನೂ ನಾನೇ ಹೇಳ್ಬೇಕಾ? ಹೋಗು."

ಅಕ್ಕ ಹೊರಟರು. ಕೈಯಲ್ಲಿ ಗಂಟಿಲ್ಲ, ಕಸದ ಬುಟ್ಟಿ ಇಲ್ಲ. ಕೈಗಳನ್ನು ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲವಂತೆ. ಬೀದಿಯ ತಿರುವಿನ ಹತ್ತಿರ ಬಂದಾಗ ಕಾಲು ತಾವಾಗಿಯೇ ನಿಂತವು. ಹಿಂದೆ ತಿರುಗಿದರು. ಬಾಗಿಲು ಕಾಣುತ್ತಿತ್ತು. ಇನ್ನೊಂದು ಹೆಜ್ಜೆ ಹಾಕಿದರೆ ಕಾಣುವುದಿಲ್ಲ. ಹಾಕಿದರು. ಅಲ್ಲಿಂದ ಸ್ವಲ್ಪ ದೂರ ಹೋಗಿ, ಒಂದು ಬೀಗ ಹಾಕಿದ ಅಂಗಡಿಯ ಮುಂದೆ ನಿಂತು, ಸೇತುವೆಗೆ ಇನ್ನೆಷ್ಟು ದೂರ ಅಂತ ಯಾರನ್ನಾದರೂ ಕೇಳೋಣ ಅಂದುಕೊಂಡರು. ಆಗ ತಲೆಗೆ ಹೊಳೆಯಿತು. ಇಡೀ ರಾತ್ರಿ ವ್ಯಾನ್ ಓಡಿಸಿ ಅಭ್ಯಾಸವಾದವನು, ಹಗಲು ಹೊತ್ತು, ಮಂಚದ ಕಾಲ ಬಳಿ ಕೂತಿದ್ದಾನೆ.

ವಾಪಸ್ ಓಡಿದರು. ಬಾಗಿಲ ತನಕ ಹೋಗುವ ಮೊದಲು ಕಿಟಕಿ ಸಿಗುತ್ತದೆ. ಸರಳು ಹಿಡಿದು ಒಳಗೆ ನೋಡಿದರು. ನಾವು ನಿಲ್ಲುವ ಜಾಗದಲ್ಲಿ ನಿಂತು ಅವರು ಆ ಕೋಣೆ ನೋಡಿದ್ದು ಅದೇ ಮೊದಲಂತೆ. ಎಷ್ಟು ಚಿಕ್ಕದು ಅನ್ನಿಸಿತಂತೆ.

ವ್ಯಾನಣ್ಣ ಗೋಡೆಗೆ ಒರಗಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಟೈಲರಮ್ಮ ಎದ್ದು ನಿಂತಿದ್ದರು. ಒಂದು ಕೈ ಮೇಜಿನ ಅಂಚಿನ ಮೇಲೆ. ಇನ್ನೊಂದು ಕೈಯಲ್ಲಿ ಎಣ್ಣೆ ಡಬ್ಬಿ. ಪ್ರಿಂಟರಿನ ಮುಚ್ಚಳ ತೆರೆದಿತ್ತು.

ಕೂಗಿದರೆ ಬೆಚ್ಚಿ ಬೀಳುತ್ತಾರೆ. ಬಾಗಿಲಿಗೆ ಓಡಿದರೆ ಅಷ್ಟರಲ್ಲಿ ಬಿದ್ದಿರುತ್ತಾರೆ. ಅಕ್ಕ ಬೆರಳ ಗಿಣ್ಣಿನಿಂದ ಸರಳನ್ನು ಮೆಲ್ಲಗೆ ತಟ್ಟಿದರು.

ಟೈಲರಮ್ಮ ಕಿಟಕಿಯ ಕಡೆ ತಿರುಗಿದರು. ಬೆಳಕು ಅಕ್ಕನ ಬೆನ್ನ ಹಿಂದಿತ್ತು.

"ಮಗಳು ಮನೇಲಿಲ್ಲ" ಅಂದರು ಮೆಲ್ಲಗೆ. "ಹೊರಗೆ ಹೋಗಿದ್ದಾಳೆ. ಮೆತ್ತಗೆ ಮಾತಾಡಿ, ಹುಡುಗ ಮಲಗಿದ್ದಾನೆ."

ಅಕ್ಕ ಕೇಳಿದರು, ನಮ್ಮ ಹಾಗೇ ಪಿಸುಗುಟ್ಟಿ. "ಯಾವಾಗ ಬರ್ತಾರೆ?"

"ಯಾರಿಗ್ಗೊತ್ತು. ಹೋಗೋದೇ ಅಪರೂಪ. ನಿಧಾನಕ್ಕೆ ಬರ್ಲಿ ಬಿಡಿ."

"ಏನ್ ಮಾಡ್ತಿದ್ದೀರಮ್ಮ?"

"ಮಿಷನ್ನಿಗೆ ಎಣ್ಣೆ. ಸದ್ದು ಮಾಡುತ್ತೆ."

"ಇದಕ್ಕೆ ಬೆಳಿಗ್ಗೇನೇ ಆಯ್ತಂತೆ. ಕೆಳಗಡೆ ಇನ್ನೊಂದು ಮಿಷನ್ನಿದೆಯಲ್ಲ, ಅದಕ್ಕೆ ಹಾಕಿದ್ರಾ?"

ಟೈಲರಮ್ಮ ಮೇಜನ್ನು ನೋಡಿದರು. ಹಲಗೆಯ ಮೇಲೆ ಅಂಗೈ ಇಟ್ಟು, ಅದರ ಕೆಳಗೆ ಏನಿದೆ ಅಂತ ಈಗ ತಾನೆ ನೆನಪಾದವರ ಹಾಗೆ. "ಅಯ್ಯೋ, ಅದನ್ನ ಮರ್ತೇಬಿಟ್ಟಿದ್ದೆ. ಒಣಗಿಹೋಗಿರುತ್ತೆ ಪಾಪ."

"ಮಗಳು ಬಂದ್ಮೇಲೆ ಮೇಲಕ್ಕೆ ಎತ್ತಿಕೊಡ್ತಾರೆ. ಈಗ ಕೂತ್ಕೊಳ್ಳಿ."

"ಕೂತ್ಕೋತೀನಿ" ಅಂತ ಹೇಳಿ ಟೈಲರಮ್ಮ ಮಂಚದ ಮೇಲೆ ಕೂತರು. ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡರು.

ಅಮ್ಮನಿಗೆ ನಿಜವಾಗಿ ಗುರುತು ಸಿಗಲಿಲ್ಲವೋ, ಸಿಕ್ಕಿಯೂ ಹಾಗೆ ಆಡಿದರೋ, ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಒಳಗೆ ಹೋಗಿದ್ದರೆ ಅಮ್ಮನ ಪಾಲಿಗೆ ಮಗಳು ಹೊರಗೆ ಹೋಗಿದ್ದು ಅಲ್ಲಿಗೇ ಮುಗಿಯುತ್ತಿತ್ತು. ದೂರ ಹೋಗಲು ಧೈರ್ಯವಿಲ್ಲ. ಹಾಗಾಗಿ ತಮ್ಮದೇ ಕಿಟಕಿಯ ಕೆಳಗೆ, ನಾವು ಮೋಟಾರಿಗೆ ಕಾಯುತ್ತಾ ಕೂರುವ ಕಟ್ಟೆಯ ಮೇಲೆ, ವ್ಯಾನಣ್ಣ ಏಳುವ ತನಕ ಕೂತಿದ್ದರು. ಪಕ್ಕದ ಮನೆಯ ಆಂಟಿ ನೋಡಿ, "ಏನ್ರೀ, ನೀವೂ ಪ್ರಿಂಟಿಗೆ ಬಂದ್ರಾ?" ಅಂದರಂತೆ.

ಸಂಜೆ ಅಕ್ಕ ತಮ್ಮ ಸೇರಿ ಹೊಲಿಗೆ ಮಿಷನ್ನಿನ ತಲೆಯನ್ನು ಮೇಲೆತ್ತಿ ಕೂರಿಸಿದರು, ಬೆಲ್ಟು ಹಾಕಿದರು. ಪ್ರಿಂಟರ್ ಈಗ ಮಂಚದಿಂದ ಕೈಗೆ ಸಿಗದ ಹಾಗೆ ಕಿಟಕಿಯ ಇನ್ನೊಂದು ಪಕ್ಕಕ್ಕೆ, ಒಂದು ಸ್ಟೂಲಿನ ಮೇಲಿದೆ. ಟೈಲರಮ್ಮ ದಿನಾ ತಮ್ಮ ಮಿಷನ್ನಿಗೆ ಎಣ್ಣೆ ಹಾಕುತ್ತಾರೆ, ಸೂಜಿಯ ಕೆಳಗೆ ಬಟ್ಟೆ ಚೂರು ಇಡುತ್ತಾರೆ, ಮಂಚದ ಅಂಚಿಗೆ ಕೂತು ಕೈಯಿಂದಲೇ ಚಕ್ರ ತಿರುಗಿಸುತ್ತಾರೆ. ಟಕಟಕ ಟಕಟಕ ಅಂತ ಅದೂ ಏನು ಕಡಿಮೆ ಸದ್ದಲ್ಲ. ಅಕ್ಕ ಮೊದಲ ದಿನ ಉಸಿರು ಬಿಗಿ ಹಿಡಿದು ಪರದೆ ನೋಡಿದರಂತೆ. ಪರದೆಯ ಹಿಂದೆ ವ್ಯಾನಣ್ಣ ಗೊರಕೆ ಹೊಡೆಯುತ್ತಿದ್ದರು. ತೊಟ್ಟಿಲಿನಿಂದಲೂ ಆ ಸದ್ದಿನಲ್ಲೇ ಮಲಗಿ ಬೆಳೆದವರು. ಈಗ ಅಮ್ಮ ಚಕ್ರ ತಿರುಗಿಸುವಾಗಲೇ ಅಕ್ಕ ಪ್ರಿಂಟ್ ಕೊಡುತ್ತಾರೆ. ಪಕ್ಕದ ಮನೆಯ ಮೋಟಾರಿಗೆ ಯಾರೂ ಕಾಯುವುದಿಲ್ಲ.

ಆದರೆ ಅಕ್ಕನ ಪಾದಕ್ಕೆ ಈಗ ಪೆಡಲಿಲ್ಲ. ಸ್ಟೂಲಿನ ಹತ್ತಿರ ನಿಂತೇ ಕೆಲಸ. ಹಾಳೆ ಬರುವಾಗ ಬಲಗಾಲಿನ ಬೆರಳು ನೆಲದ ಮೇಲೆ ಸುಮ್ಮನೆ ಒತ್ತುತ್ತಿರುತ್ತದೆ, ಗಮನಿಸಿ ನೋಡಿದರೆ ಕಾಣುತ್ತದೆ. ಸೇತುವೆ ಇನ್ನೂ ನೋಡಿಲ್ಲ. ಭಾನುವಾರ ವ್ಯಾನಣ್ಣ ಒಮ್ಮೊಮ್ಮೆ ಕೂರುತ್ತೇನೆ ಅನ್ನುತ್ತಾರೆ, ಕೂತಲ್ಲೇ ನಿದ್ದೆ ಹೋಗುತ್ತಾರೆ, ಅಕ್ಕ ಅವರಿಗೊಂದು ಹೊದಿಕೆ ಹೊದೆಸಿ ಒಳಗೇ ಉಳಿಯುತ್ತಾರೆ.

ನಿಮಗೆ ಏನಾದರೂ ಪ್ರಿಂಟ್ ಬೇಕಿದ್ದರೆ, ಬೇಡದಿದ್ದರೂ, ಒಂದು ಸಲ ಹೋಗಿ ಅವರನ್ನು ನೋಡಿ ಬನ್ನಿ. ಬೀದಿಯ ತಿರುವು ದಾಟಿದರೆ ಒಂದು ಸರಳು ಬಗ್ಗಿದ ಕಿಟಕಿ, ತಪ್ಪುವುದೇ ಇಲ್ಲ. ಬೆಲ್ ಒತ್ತಬೇಡಿ. ಅವಸರ ಮಾಡಬೇಡಿ. ಸೇತುವೆಯ ಕಡೆಯಿಂದ ಹೋಗಿ, ಅಕ್ಕ ಕೇಳುತ್ತಾರೆ, ಎಷ್ಟು ಎತ್ತರ ಅಂತ ಸರಿಯಾಗಿ ನೋಡಿಕೊಂಡು ಹೋಗಿ ಹೇಳಿ. ಮತ್ತೆ ಒಳಗಿನಿಂದ ಟೈಲರಮ್ಮ ನಿಮ್ಮನ್ನು ನೋಡಿ "ಮಗಳು ಹೊರಗೆ ಹೋಗಿದ್ದಾಳೆ" ಅಂದರೆ, ಅಕ್ಕ ಅವರ ಪಕ್ಕದಲ್ಲೇ ನಿಂತಿದ್ದರೂ ಸರಿ, ಹೌದಾ, ನಿಧಾನಕ್ಕೆ ಬರಲಿ ಅಂತ ಹೇಳಿ.